ಭೂಕಂಪವೋ, ಬಾಂಬೋ? ನೆಲವೇ ಹೇಳುವ ಉತ್ತರ ಮತ್ತು ರಾಜಾ ರಾಮಣ್ಣನವರ ಬದುಕು

2025ರ ಮೇ ತಿಂಗಳು ನೆನಪಿದೆಯೇ? ಭಾರತ–ಪಾಕಿಸ್ತಾನ ಸಂಘರ್ಷ ನಡೆಯುತ್ತಿದ್ದ ದಿನಗಳು. ಅದೇ ಹೊತ್ತಿನಲ್ಲಿ ಪಾಕಿಸ್ತಾನದಲ್ಲಿ 4ರ ಆಸುಪಾಸಿನ ತೀವ್ರತೆಯ ಕಂಪನಗಳು ದಾಖಲಾದವು. ತಕ್ಷಣ ಫಾರ್ವರ್ಡ್‌ಗಳು ಶುರುವಾದವು: ಇದು ಭೂಕಂಪವೇ ಅಲ್ಲ, ನೆಲದಡಿ ನಡೆಸಿದ ಅಣುಬಾಂಬ್ ಪರೀಕ್ಷೆ, ಸರ್ಕಾರಗಳು ಮುಚ್ಚಿಡುತ್ತಿವೆ ಎಂದು. ದೆಹಲಿಯ ರಾಷ್ಟ್ರೀಯ ಭೂಕಂಪನ ಕೇಂದ್ರ ಇವು ಸಹಜ ಭೂಕಂಪಗಳು ಎಂದು ಸ್ಪಷ್ಟಪಡಿಸಿತು. ಆದರೆ ಆ ಸ್ಪಷ್ಟನೆಯನ್ನು ಫಾರ್ವರ್ಡ್ ಮಾಡಿದವರು ಕಡಿಮೆ.

ಯುದ್ಧದ ಹೊತ್ತಿನಲ್ಲಿ ಇಂಥ ಮೆಸೇಜ್ ಬರೀ ತಮಾಷೆಯಲ್ಲ. ಅಣುಬಾಂಬ್ ಸಿಡಿದಿದೆ ಎಂದು ಜನ ನಂಬಿದರೆ ಭಯವೂ ಹೆಚ್ಚುತ್ತದೆ, ಸಿಟ್ಟೂ ಹೆಚ್ಚುತ್ತದೆ. ಹಾಗಾಗಿ ಒಂದು ನೇರ ಪ್ರಶ್ನೆ ಕೇಳೋಣ. ನೆಲ ನಡುಗಿದ್ದು ಭೂಕಂಪದಿಂದಲೋ ಬಾಂಬಿನಿಂದಲೋ ಎಂದು ಸಾವಿರಾರು ಕಿಲೋಮೀಟರ್ ದೂರದಲ್ಲಿ ಕೂತವರಿಗೆ ಹೇಗೆ ಗೊತ್ತಾಗುತ್ತದೆ? ಅದನ್ನು ಮುಚ್ಚಿಡಲು ಸಾಧ್ಯವೇ?

ಇದಕ್ಕೆ ಉತ್ತರ ತಿಳಿಯಲು ನಾವು ನಮ್ಮ ನಾಡಿನವರೇ ಆದ ಒಬ್ಬ ವಿಜ್ಞಾನಿಯ ಬದುಕನ್ನು ನೋಡಬಹುದು. ಭಾರತದ ಮೊದಲ ಅಣುಸ್ಫೋಟದ ಮುಂದಾಳು ರಾಜಾ ರಾಮಣ್ಣ. ಅವರ ತಂಡ ನೆಲದಡಿ ಒಂದು ದೊಡ್ಡ ಕಂಪನವನ್ನು ಹುಟ್ಟಿಸಿತು. ಅವರು ನಿರ್ದೇಶಕರಾಗಿದ್ದ ಸಂಸ್ಥೆಯೇ ಕರ್ನಾಟಕದ ಹೊಲಗಳ ನಡುವೆ ಕೂತು ಜಗತ್ತಿನ ಕಂಪನಗಳಿಗೆ ಕಿವಿಗೊಟ್ಟಿತ್ತು. ಅವರು ತೀರಿಕೊಂಡು ಎರಡು ದಶಕ ದಾಟಿದೆ.

ಪಿಯಾನೊ ನುಡಿಸುತ್ತಿದ್ದ ಹುಡುಗ

ರಾಮಣ್ಣ ಹುಟ್ಟಿದ್ದು 1925ರ ಜನವರಿ 28ರಂದು, ತುಮಕೂರಿನಲ್ಲಿ. ತಂದೆ ಆಗಿನ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದವರು. ಹುಡುಗನ ಮೊದಲ ಓದು ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನಲ್ಲಿ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಚಿಕ್ಕಂದಿನಿಂದಲೇ ಪಾಶ್ಚಾತ್ಯ ಸಂಗೀತದ ಹುಚ್ಚು. ಬಾಲಕನಾಗಿದ್ದಾಗಲೇ ಮೈಸೂರು ಅರಸರ ಮುಂದೆ ಪಿಯಾನೊ ನುಡಿಸಿದವರು. ಕೊನೆಯವರೆಗೂ ಅವರು ಪಿಯಾನೊ ಬಿಡಲಿಲ್ಲ. ಭಾರತೀಯ ರಾಗಗಳು ಮತ್ತು ಪಾಶ್ಚಾತ್ಯ ಸಂಗೀತದ ರಚನೆಯ ಬಗ್ಗೆ ಒಂದು ಪುಸ್ತಕವನ್ನೂ ಬರೆದರು.

ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. ಅಣುವಿಜ್ಞಾನಿ ಹೋಮಿ ಭಾಭಾ ಅವರ ಪರಿಚಯವಾದದ್ದು 1944ರಲ್ಲಿ, ಅದೂ ಸಂಗೀತದ ದಾರಿಯಿಂದ: ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕರೊಬ್ಬರ ಮೂಲಕ. ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಭಾಭಾ ಕಟ್ಟಿದ್ದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ದೇಶದ ಮೊದಲ ಪರಮಾಣು ರಿಯಾಕ್ಟರ್ ಅಪ್ಸರಾ ಚಾಲೂ ಆದಾಗ ಆ ತಂಡದಲ್ಲಿ ಅವರೂ ಇದ್ದರು. ಯುರೇನಿಯಂ ಪರಮಾಣು ಒಡೆಯುವಾಗ ಏನಾಗುತ್ತದೆ, ನ್ಯೂಟ್ರಾನ್‌ಗಳು ಹೇಗೆ ಓಡುತ್ತವೆ ಎಂಬುದು ಅವರ ಸಂಶೋಧನೆಯ ವಿಷಯ. ಅದಕ್ಕೆ 1963ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಗೌರಿಬಿದನೂರಿನ ಇಪ್ಪತ್ತು ಕಿವಿಗಳು

ಅದೇ 1963ರಲ್ಲಿ ಜಗತ್ತಿನಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ಗಾಳಿಯಲ್ಲಿ, ಸಮುದ್ರದಲ್ಲಿ ಮತ್ತು ಬಾಹ್ಯಾಕಾಶದಲ್ಲಿ ಅಣುಪರೀಕ್ಷೆ ಮಾಡಬಾರದು ಎಂದು ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಒಪ್ಪಂದ ಮಾಡಿಕೊಂಡವು. ಉಳಿದದ್ದು ನೆಲದಡಿ ಮಾತ್ರ. ನೆಲದಡಿ ಸಿಡಿಸಿದರೆ ಯಾರಿಗೂ ಕಾಣುವುದಿಲ್ಲ, ಆದರೆ ನೆಲ ನಡುಗುತ್ತದೆ. ಹೀಗೆ, ಅಲ್ಲಿಯವರೆಗೆ ಕೆಲವೇ ತಜ್ಞರ ಶಾಸ್ತ್ರವಾಗಿದ್ದ ಭೂಕಂಪ ವಿಜ್ಞಾನಕ್ಕೆ ಏಕಾಏಕಿ ಹಣ, ಉಪಕರಣ, ಮಹತ್ವ ಎಲ್ಲವೂ ಬಂದವು.

ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರ ಹಲವು ದೇಶಗಳ ಜತೆ ಸೇರಿ ಹೊಸ ಬಗೆಯ ಕಂಪನ ಕೇಂದ್ರಗಳನ್ನು ಕಟ್ಟಿತು. ಸ್ಕಾಟ್ಲೆಂಡಿನಲ್ಲಿ ಒಂದು, ಕೆನಡಾದಲ್ಲಿ ಒಂದು, ಆಸ್ಟ್ರೇಲಿಯಾದಲ್ಲಿ ಒಂದು, ಮತ್ತೊಂದು ನಮ್ಮ ಗೌರಿಬಿದನೂರಿನಲ್ಲಿ. ಭಾಭಾ ನೇತೃತ್ವದ ಟ್ರಾಂಬೆ ಸಂಸ್ಥೆ ಅದನ್ನು 1965ರಲ್ಲಿ ಆರಂಭಿಸಿತು. ಮರುವರ್ಷ ಜನವರಿಯಲ್ಲಿ ಭಾಭಾ ವಿಮಾನ ದುರಂತದಲ್ಲಿ ತೀರಿಕೊಂಡರು. ಟ್ರಾಂಬೆ ಸಂಸ್ಥೆಗೆ ಅವರದೇ ಹೆಸರಿಡಲಾಯಿತು. 1972ರಲ್ಲಿ ಆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದವರು ರಾಮಣ್ಣ.

ಗೌರಿಬಿದನೂರೇ ಏಕೆ? ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಒಂದು ಸೂಕ್ಷ್ಮ ಕಂಪನ ಮಾಪಕ ಇಟ್ಟರೆ ಏನಾಗುತ್ತದೆ ಎಂದು ಊಹಿಸಿ. ಮಾರುಕಟ್ಟೆಗೆ ಬರುವ ಗೂಡ್ಸ್ ಆಟೊ, ದೇವರಾಜ ಅರಸು ರಸ್ತೆಯ ಬಸ್ಸು, ಅಂಗಡಿ ಮುಂದಿನ ಜನರೇಟರ್, ಹಬ್ಬದ ಹಿಂದಿನ ದಿನ ಹೂವು ಕೊಳ್ಳಲು ಬಂದವರ ಹೆಜ್ಜೆಗಳು, ಎಲ್ಲವೂ ನೆಲವನ್ನು ಸ್ವಲ್ಪ ಸ್ವಲ್ಪ ಅಲುಗಿಸುತ್ತವೆ. ವಿಜ್ಞಾನಿಗಳ ಲೆಕ್ಕದಲ್ಲಿ ಇವೆಲ್ಲವೂ ಕಂಪನದ ಮೂಲಗಳೇ. ಇಷ್ಟು ಗದ್ದಲದ ನಡುವೆ ಸಾವಿರಾರು ಕಿಲೋಮೀಟರ್ ದೂರದ ಸ್ಫೋಟದ ಪಿಸುಮಾತು ಕೇಳಿಸುವುದಿಲ್ಲ. ಅದಕ್ಕೆ ಬೇಕಾದದ್ದು ಊರಿನ ಗದ್ದಲವಿಲ್ಲದ ಜಾಗ ಮತ್ತು ಗಟ್ಟಿಯಾದ ಹಳೆಯ ಬಂಡೆ. ಗೌರಿಬಿದನೂರಿನ ಸುತ್ತ ಎರಡೂ ಇದ್ದವು.

ಅಲ್ಲಿ 20 ಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ನೆಟ್ಟರು. ಒಂದೊಂದು ತೋಳು 20 ಕಿ.ಮೀ.ಗೂ ಉದ್ದ. ಒಂದೇ ಮಾಪಕ ಸಾಲದೇ? ಸಾಲದು. ದೂರದಿಂದ ಬರುವ ಅಲೆ ಮೊದಲು ಒಂದು ಮಾಪಕಕ್ಕೆ ತಾಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದಕ್ಕೆ. ಆ ವ್ಯತ್ಯಾಸ ಅಳೆದರೆ ಅಲೆ ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತು ಎಂದು ತಿಳಿಯುತ್ತದೆ. ಆ ವ್ಯತ್ಯಾಸವನ್ನು ಸರಿಪಡಿಸಿ ಇಪ್ಪತ್ತೂ ದಾಖಲೆಗಳನ್ನು ಕೂಡಿಸಿದರೆ ಸ್ಥಳೀಯ ಗದ್ದಲ ಒಂದನ್ನೊಂದು ಅಳಿಸಿಕೊಳ್ಳುತ್ತದೆ, ನಿಜವಾದ ಅಲೆ ಎದ್ದು ಕಾಣುತ್ತದೆ. ಲೆಕ್ಕದ ಪ್ರಕಾರ 20 ಮಾಪಕಗಳಿಂದ ಸ್ಪಷ್ಟತೆ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚುತ್ತದೆ.

ಪಿಟೀಲು ಮತ್ತು ಪಿಯಾನೊ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಭೂಕಂಪಕ್ಕೂ ಬಾಂಬಿಗೂ ಏನು ವ್ಯತ್ಯಾಸ?

ಎರಡು ಅಂಗೈಗಳನ್ನು ಬಿಗಿಯಾಗಿ ಒತ್ತಿ ಹಿಡಿಯಿರಿ. ಬಲಗೈಯನ್ನು ಮುಂದಕ್ಕೆ, ಎಡಗೈಯನ್ನು ಹಿಂದಕ್ಕೆ ನಿಧಾನವಾಗಿ ತಳ್ಳಿ. ಮೊದಲು ಏನೂ ಕದಲುವುದಿಲ್ಲ, ಚರ್ಮ ಮಾತ್ರ ಎಳೆದುಕೊಳ್ಳುತ್ತದೆ. ಒಂದು ಹಂತದಲ್ಲಿ ಫಕ್ಕನೆ ಜಾರುತ್ತದೆ. ಭೂಕಂಪ ಎಂದರೆ ಇದೇ. ನೆಲದಡಿಯ ಬಿರುಕಿನ ಎರಡು ಬದಿಯ ಬಂಡೆಗಳು ವರ್ಷಗಟ್ಟಲೆ ಒತ್ತಡದಲ್ಲಿ ಬಾಗುತ್ತಾ ಹೋಗಿ ಕೊನೆಗೆ ಒಮ್ಮೆಲೇ ಜಾರುತ್ತವೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ನಂತರ ಬೇಲಿಗಳು, ರಸ್ತೆಗಳು ಎಷ್ಟು ಸರಿದಿವೆ ಎಂದು ಅಳೆದ ದಾಖಲೆಗಳನ್ನು ನೋಡಿ ಅಮೆರಿಕದ ಹ್ಯಾರಿ ಫೀಲ್ಡಿಂಗ್ ರೀಡ್ ಈ ವಿವರಣೆ ಕೊಟ್ಟರು.

ಬಾಂಬ್ ಹಾಗಲ್ಲ. ಎಣ್ಣೆಗೆ ಬಿಟ್ಟ ಪೂರಿ ಉಬ್ಬಿದ ಹಾಗೆ, ಅದು ಎಲ್ಲ ಕಡೆಗೂ ಒಂದೇ ಸಲ ಹೊರಕ್ಕೆ ತಳ್ಳುತ್ತದೆ. ಜಾರುವುದು ಏನೂ ಇಲ್ಲ.

ಸಂಗೀತ ಕೇಳುವವರಿಗೆ ಇದು ಇನ್ನೂ ಸುಲಭ. ಪಿಟೀಲಿನ ತಂತಿಯನ್ನು ಕಮಾನು ಹಿಡಿದು ಎಳೆಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಅಂಟಿ ಜಾರುವ ಈ ಕ್ರಿಯೆಯೇ ಭೂಕಂಪದಲ್ಲೂ ನಡೆಯುವುದು. ಪಿಯಾನೊದಲ್ಲಿ ಪುಟ್ಟ ಸುತ್ತಿಗೆ ತಂತಿಗೆ ಒಮ್ಮೆ ಬಡಿಯುತ್ತದೆ, ಮುಗಿಯಿತು. ಸ್ಫೋಟ ಅಂಥದ್ದು. ಒಂದೇ ಸ್ವರವನ್ನು ಚೌಡಯ್ಯನವರು ಪಿಟೀಲಿನಲ್ಲೂ ರಾಮಣ್ಣನವರು ಪಿಯಾನೊದಲ್ಲೂ ನುಡಿಸಿದ್ದರೆ ಕಣ್ಣು ಮುಚ್ಚಿಕೊಂಡೇ ನಾವು ಬೇರೆ ಬೇರೆ ಗುರುತಿಸುತ್ತಿದ್ದೆವು. ಕಂಪನ ವಿಜ್ಞಾನಿಗಳು ಮಾಡುವುದೂ ಅದನ್ನೇ. ಅವರು ಕಿವಿಯ ಬದಲು ನಾಲ್ಕು ಗುರುತುಗಳನ್ನು ನೋಡುತ್ತಾರೆ.

ಮೊದಲನೆಯದು, ಮೊದಲ ಅಲುಗಾಟದ ದಿಕ್ಕು. ಸ್ಫೋಟವಾದರೆ ಸುತ್ತಲಿನ ಎಲ್ಲ ಕೇಂದ್ರಗಳಲ್ಲೂ ಮೊದಲ ಅಲೆ ಹೊರಕ್ಕೆ ತಳ್ಳಿದಂತೆಯೇ ದಾಖಲಾಗಬೇಕು. ಭೂಕಂಪವಾದರೆ ಕೆಲವು ದಿಕ್ಕಿನವರಿಗೆ ತಳ್ಳಿದಂತೆ, ಕೆಲವು ದಿಕ್ಕಿನವರಿಗೆ ಎಳೆದಂತೆ ಕಾಣುತ್ತದೆ. ಜಾರುವ ಅಂಗೈಗಳನ್ನೇ ನೋಡಿ: ಬಲಗೈಯ ಮುಂದಿರುವುದನ್ನು ಅದು ತಳ್ಳುತ್ತದೆ, ಹಿಂದಿರುವುದನ್ನು ಎಳೆಯುತ್ತದೆ. ಎಡಗೈಯಲ್ಲಿ ಇದು ತಿರುವುಮುರುವು.

ಎರಡನೆಯದು, ಅಲೆಗಳ ಬಗೆ. ಕ್ಯೂನಲ್ಲಿ ಹಿಂದಿನವರು ತಳ್ಳಿದರೆ ಆ ತಳ್ಳು ಮುಂದಿನವರೆಗೂ ಹೋಗುತ್ತದಲ್ಲ, ಅಂಥ ಅಲೆಗೆ ಪಿ ಅಲೆ ಎನ್ನುತ್ತಾರೆ. ಇದು ಮೊದಲು ಬರುತ್ತದೆ. ಹಗ್ಗವನ್ನು ಅಡ್ಡಡ್ಡ ಒದರಿದಂತೆ ಸಾಗುವುದು ಎಸ್ ಅಲೆ. ಇದು ತಡವಾಗಿ ಬರುತ್ತದೆ. ಭೂಕಂಪದಲ್ಲಿ ಎಸ್ ಅಲೆ ಜೋರಾಗಿರುತ್ತದೆ, ಏಕೆಂದರೆ ಅಲ್ಲಿ ಬಂಡೆ ಅಡ್ಡಕ್ಕೆ ಜಾರಿದೆ. ಸ್ಫೋಟದಲ್ಲಿ ಪಿ ಅಲೆಯದ್ದೇ ಜೋರು.

ಮೂರನೆಯದು, ಆಳದ ಅಲೆಗೂ ಮೇಲ್ಮೈ ಅಲೆಗೂ ಇರುವ ಅನುಪಾತ. ಒಂದೇ ಪ್ರಮಾಣದ ಪಿ ಅಲೆ ಹುಟ್ಟಿಸಿದರೂ, ಭೂಕಂಪಕ್ಕೆ ಹೋಲಿಸಿದರೆ ಸ್ಫೋಟದಲ್ಲಿ ನೆಲದ ಮೇಲ್ಪದರದಲ್ಲಿ ತೆವಳುವ ನಿಧಾನದ ಅಲೆಗಳು ತೀರಾ ದುರ್ಬಲ. ಜಗತ್ತಿನ ಕೇಂದ್ರಗಳು ದಶಕಗಳಿಂದ ನೆಚ್ಚಿಕೊಂಡಿರುವ ಪರೀಕ್ಷೆ ಇದು.

ನಾಲ್ಕನೆಯದು, ಆಳ. ಭೂಕಂಪಗಳು ಹತ್ತಾರು, ಕೆಲವೊಮ್ಮೆ ನೂರಾರು ಕಿಲೋಮೀಟರ್ ಆಳದಲ್ಲೂ ಹುಟ್ಟುತ್ತವೆ. ಮನುಷ್ಯ ಕೊರೆದ ಅತಿ ಆಳದ ರಂಧ್ರ, ರಷ್ಯಾದ ಕೋಲಾದಲ್ಲಿರುವುದು, 12 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಕಂಪನದ ಮೂಲ 30 ಕಿ.ಮೀ. ಆಳದಲ್ಲಿದೆ ಎಂದು ಖಚಿತವಾದರೆ ಅಲ್ಲಿ ಬಾಂಬ್ ಇಟ್ಟವರು ಯಾರೂ ಇರಲು ಸಾಧ್ಯವಿಲ್ಲ.

ಇಂದು ಇವೆಲ್ಲವನ್ನೂ ಕಂಪ್ಯೂಟರ್ ಒಟ್ಟಿಗೆ ನೋಡುತ್ತದೆ. ಮೊದಲು ಒಂದು ಮೂಲವನ್ನು ಊಹಿಸುತ್ತಾರೆ: ಇಂಥ ಜಾಗ, ಇಷ್ಟು ಆಳ, ಇಂಥ ದಿಕ್ಕಿಗೆ ಜಾರಿದೆ ಅಥವಾ ಎಲ್ಲ ಕಡೆಗೂ ಉಬ್ಬಿದೆ ಎಂದು. ಹಾಗಿದ್ದರೆ ಪ್ರತಿ ಕೇಂದ್ರದಲ್ಲಿ ಯಾವ ಅಲೆ ಕಾಣಬೇಕು ಎಂದು ಲೆಕ್ಕ ಹಾಕುತ್ತಾರೆ. ನಿಜವಾಗಿ ದಾಖಲಾದ ಅಲೆಯ ಪಕ್ಕ ಇಟ್ಟು ನೋಡುತ್ತಾರೆ. ಹೊಂದದಿದ್ದರೆ ಊಹೆ ಬದಲಿಸಿ ಮತ್ತೆ ಲೆಕ್ಕ. ಹೊಂದುವವರೆಗೂ ಇದೇ ಕೆಲಸ. ಕೊನೆಗೆ ಸಿಗುವುದು ಆರು ಸಂಖ್ಯೆಗಳ ಒಂದು ಗುಂಪು. ಅದರಲ್ಲಿ ಜಾರಿದ ಪಾಲು ಎಷ್ಟು, ಉಬ್ಬಿದ ಪಾಲು ಎಷ್ಟು, ಕುಸಿದ ಪಾಲು ಎಷ್ಟು ಎಂದು ಬಿಡಿಸಿ ಹೇಳಬಹುದು. 2017ರ ಸೆಪ್ಟೆಂಬರ್ 3ರಂದು ಉತ್ತರ ಕೊರಿಯಾ ನಡೆಸಿದ ಪರೀಕ್ಷೆಯಲ್ಲಿ ಮೊದಲು ದೊಡ್ಡ ಉಬ್ಬು ಕಂಡಿತು. ಸುಮಾರು ಎಂಟೂವರೆ ನಿಮಿಷದ ಮೇಲೆ ಅಲ್ಲೇ ಇನ್ನೊಂದು ಕಂಪನ. ಅದು ಎರಡನೇ ಬಾಂಬ್ ಅಲ್ಲ, ಒಳಗಿನ ಪೊಳ್ಳು ಕುಸಿದದ್ದು ಎಂದು ಅಲೆಗಳನ್ನು ನೋಡಿಯೇ ಹೇಳಿದರು.

1974ರ ಮೇ 18, ಬೆಳಿಗ್ಗೆ 8.05

ರಾಮಣ್ಣನವರ ತಂಡ ವರ್ಷಗಳಿಂದ ಗುಟ್ಟಾಗಿ ತಯಾರಿ ನಡೆಸಿತ್ತು. ಪ್ರಧಾನಿ ಇಂದಿರಾ ಗಾಂಧಿ ಮತ್ತು ಅವರ ಸುತ್ತಲಿನ ಬೆರಳೆಣಿಕೆಯ ಜನರಿಗೆ ಮಾತ್ರ ಗೊತ್ತಿತ್ತು. ಪಿ.ಕೆ. ಅಯ್ಯಂಗಾರ್, ಆರ್. ಚಿದಂಬರಂ ಮೊದಲಾದವರು ತಂಡದಲ್ಲಿದ್ದರು. ರಾಜಸ್ಥಾನದ ಪೋಖ್ರಾನ್ ಮರುಭೂಮಿಯಲ್ಲಿ 107 ಮೀಟರ್ ಆಳದ ಬಾವಿಯಲ್ಲಿ ಸಾಧನವನ್ನು ಇಟ್ಟಿದ್ದರು. ಸ್ಫೋಟಕ್ಕೆ ಗೊತ್ತುಮಾಡಿದ್ದು ಬೆಳಿಗ್ಗೆ 8 ಗಂಟೆ. ಬಾವಿಯ ಬಳಿ ಕೊನೆಯ ತಪಾಸಣೆಗೆ ಹೋಗಿದ್ದವರ ಜೀಪು ಸ್ಟಾರ್ಟ್ ಆಗದೆ 5 ನಿಮಿಷ ತಡವಾಯಿತು.

8.05ಕ್ಕೆ ಗುಂಡಿ ಒತ್ತಿದಾಗ ನೆಲದಡಿ ನಡೆದದ್ದು ಇದು. ಕಣ್ಣು ಮಿಟುಕಿಸುವುದಕ್ಕೂ ಎಷ್ಟೋ ಮೊದಲೇ ಅಣುಕ್ರಿಯೆ ಮುಗಿದುಹೋಯಿತು. ಸುತ್ತಲಿನ ಬಂಡೆ ಆವಿಯಾಯಿತು. ಆ ಆವಿಯ ಒತ್ತಡಕ್ಕೆ ಒಂದು ಪೊಳ್ಳು ಹಿಗ್ಗಿತು. ಅದರಾಚೆಯ ಬಂಡೆ ಪುಡಿಯಾಯಿತು, ಇನ್ನೂ ಆಚೆಯದು ಬಿರುಕುಬಿಟ್ಟಿತು. ಅದಕ್ಕಿಂತ ಆಚೆ ಬಂಡೆ ಒಡೆಯಲಿಲ್ಲ, ಅದುಮಿ ಬಿಟ್ಟ ಸ್ಪಂಜಿನಂತೆ ಅಲುಗಿತು ಅಷ್ಟೇ. ಆ ಅಲುಗಾಟವೇ ಕಂಪನದ ಅಲೆಯಾಗಿ ಹೊರಟದ್ದು. ನೆಲದಡಿಯ ಸ್ಫೋಟದ ಶಕ್ತಿಯಲ್ಲಿ ಅಲೆಯಾಗಿ ಹೋಗುವುದು ಗಟ್ಟಿ ಬಂಡೆಯಲ್ಲೂ ಶೇ 1ರ ಆಸುಪಾಸು. ಸಡಿಲ ಮಣ್ಣಿನಲ್ಲಿ ಇನ್ನೂ ಕಡಿಮೆ. ಉಳಿದದ್ದೆಲ್ಲ ಬಂಡೆಯನ್ನು ಕರಗಿಸಲು, ಒಡೆಯಲು ಖರ್ಚಾಗುತ್ತದೆ.

ದೂರದಿಂದ ನೋಡುತ್ತಿದ್ದ ರಾಮಣ್ಣನವರಿಗೆ ಮರಳಿನ ನೆಲವೇ ಗುಡ್ಡದಂತೆ ಮೇಲೆದ್ದದ್ದು ಕಾಣಿಸಿತು. ಹನುಮಂತ ಬೆಟ್ಟ ಎತ್ತಿದ ಕಥೆ ಆಗ ನೆನಪಾಯಿತು ಎಂದು ಮುಂದೆ ಅವರು ಹೇಳಿಕೊಂಡಿದ್ದಾರೆ. ಎದ್ದ ನೆಲ ಕುಸಿದು ಕುಳಿಯಾಯಿತು.

ಪೋಖ್ರಾನ್‌ನಿಂದ ಮೈಸೂರು ಸುಮಾರು 1,700 ಕಿ.ಮೀ. ಪಿ ಅಲೆ ಭೂಮಿಯೊಳಗೆ ಸೆಕೆಂಡಿಗೆ ಸುಮಾರು 8 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಲೆಕ್ಕ ಹಾಕಿದರೆ, ಆ ಶನಿವಾರ ಬೆಳಿಗ್ಗೆ 8.09 ಆಗುವ ಮೊದಲೇ ಆ ಅಲೆ ದೇವರಾಜ ಮಾರುಕಟ್ಟೆಯ ಕೆಳಗೆ ಹಾದುಹೋಗಿರಬೇಕು. ಮಲ್ಲಿಗೆ ಅಳೆಯುತ್ತಿದ್ದವರಿಗೂ ವೀಳ್ಯದೆಲೆ ಎಣಿಸುತ್ತಿದ್ದವರಿಗೂ ಏನೂ ಗೊತ್ತಾಗುವಂತಿರಲಿಲ್ಲ. ಅಷ್ಟು ದೂರಕ್ಕೆ ಬರುವ ಹೊತ್ತಿಗೆ ಅದು ಮನುಷ್ಯನ ಅರಿವಿಗೆ ಸಿಗದಷ್ಟು ಸಣ್ಣದಾಗಿರುತ್ತದೆ. ಆದರೆ ಮಾಪಕಗಳಿಗೆ ಸಿಗುತ್ತದೆ. ಜಗತ್ತಿನ ಹಲವು ಕೇಂದ್ರಗಳು ಅದನ್ನು 5ರ ಆಸುಪಾಸಿನ ತೀವ್ರತೆಯ ಕಂಪನವಾಗಿ ದಾಖಲಿಸಿದವು. ವರ್ಷಗಟ್ಟಲೆ ಕಾಪಾಡಿದ ಗುಟ್ಟನ್ನು ನೆಲ ಕೆಲವೇ ನಿಮಿಷಗಳಲ್ಲಿ ಜಗತ್ತಿಗೆಲ್ಲ ಹೇಳಿಬಿಟ್ಟಿತು.

ಇಲ್ಲೊಂದು ಸಣ್ಣ ಫ್ಯಾಕ್ಟ್ ಚೆಕ್. ಅಂದು ಬುದ್ಧ ಪೂರ್ಣಿಮೆ, ಅದಕ್ಕೇ ನಗುವ ಬುದ್ಧ ಎಂಬ ಹೆಸರು ಬಂತು ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ಪಂಚಾಂಗ ಇದನ್ನು ಒಪ್ಪುವುದಿಲ್ಲ. ಆ ವರ್ಷದ ಬುದ್ಧ ಪೂರ್ಣಿಮೆ ಮೇ 6ಕ್ಕೇ ಮುಗಿದಿತ್ತು. ಮೇ 18 ಅಮಾವಾಸ್ಯೆಗೆ ಹತ್ತಿರದ ದಿನ.

ನೆಲ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸ್ಫೋಟದ ನಂತರವೂ ರಾಮಣ್ಣನವರ ತಂಡಕ್ಕೆ ಕೆಲಸ ಉಳಿದಿತ್ತು. ಬಂಡೆ ಹೇಗೆ ಆವಿಯಾಯಿತು, ನೆಲ ಎಷ್ಟು ವೇಗದಲ್ಲಿ ಮೇಲೆದ್ದಿತು, ಕುಳಿ ಹೇಗೆ ಮೂಡಿತು ಎಂಬುದನ್ನು ಲೆಕ್ಕದ ಮಾದರಿಯೊಂದಿಗೆ ಹೋಲಿಸಿ ನೋಡಿದರು. 1975ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆ ಚಿದಂಬರಂ ಮತ್ತು ರಾಮಣ್ಣ ಈ ಬಗ್ಗೆ ಪ್ರಬಂಧ ಕೊಟ್ಟರು.

ಆದರೆ ಒಂದು ವಾದ ಮುಗಿಯಲಿಲ್ಲ. ಸ್ಫೋಟದ ಬಲ 12 ಕಿಲೋಟನ್ ಎಂದು ಭಾರತ ಹೇಳಿತು. ಹೊರಗಿನ ಕೆಲವು ಕಂಪನ ತಜ್ಞರು ಅದಕ್ಕಿಂತ ಕಡಿಮೆ ಎಂದರು. ಯಾಕೆ ಹೀಗೆ? ಮೈಸೂರು ದಸರೆಯ ಕುಶಾಲತೋಪನ್ನೇ ತೆಗೆದುಕೊಳ್ಳಿ. ಅರಮನೆ ಬಳಿ ಸಿಡಿಯುವ ಅದೇ ತೋಪು ಬಯಲಿನಲ್ಲಿ ನಿಂತವರಿಗೆ ಒಂದು ರೀತಿ, ಓಣಿಯೊಳಗೆ ನಿಂತವರಿಗೆ ಇನ್ನೊಂದು ರೀತಿ ಕೇಳಿಸುತ್ತದೆ. ಸದ್ದು ಕೇಳಿ ಮದ್ದಿನ ತೂಕ ಹೇಳಬೇಕೆಂದರೆ ನಡುವೆ ಏನಿದೆ ಎಂದೂ ಗೊತ್ತಿರಬೇಕು. ಹಾಗೆಯೇ ಕಂಪನದಿಂದ ಬಾಂಬಿನ ಬಲ ಲೆಕ್ಕ ಹಾಕಲು ಅಲ್ಲಿನ ಬಂಡೆ ಎಂಥದ್ದು, ಎಷ್ಟು ಒಣಗಿದೆ, ಎಷ್ಟು ಆಳ ಎಂಬುದೆಲ್ಲ ಬೇಕು. ಗಟ್ಟಿ ಬಂಡೆಗೆ ಮಾಡಿದ ಸೂತ್ರವನ್ನು ಸಡಿಲ ನೆಲಕ್ಕೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. 1998ರ ಪೋಖ್ರಾನ್ ಪರೀಕ್ಷೆಗಳ ನಂತರವೂ ಇದೇ ವಾದ ಮತ್ತೆ ಎದ್ದಿತು.

ಇನ್ನೊಂದು ಮಿತಿಯೂ ಇದೆ. 1998ರ ಮೇ 11ರ ಪರೀಕ್ಷೆಗಳು ಜಗತ್ತಿನೆಲ್ಲೆಡೆ ದಾಖಲಾದವು. ಮೇ 28ರ ಪಾಕಿಸ್ತಾನದ ಚಾಗಾಯ್ ಪರೀಕ್ಷೆಯೂ ಹಾಗೆಯೇ. ಆದರೆ ಮೇ 13ರಂದು ಪೋಖ್ರಾನ್‌ನಲ್ಲಿ ನಡೆಸಿದ ಒಂದು ಕಿಲೋಟನ್ನಿಗೂ ಕಡಿಮೆಯ ಎರಡು ಸಣ್ಣ ಪರೀಕ್ಷೆಗಳು ಹೊರದೇಶದ ಕೇಂದ್ರಗಳಿಗೆ ಸಿಗಲಿಲ್ಲ. ಅಂದರೆ ತೀರಾ ಸಣ್ಣ ಸ್ಫೋಟ ತಪ್ಪಿಸಿಕೊಳ್ಳಬಹುದು. ಆದರೆ ಮೊಬೈಲ್ ಆ್ಯಪ್‌ನಲ್ಲಿ 4 ಎಂದು ತೋರಿಸುವಷ್ಟು ದೊಡ್ಡ ಕಂಪನದ ಮೂಲವನ್ನು ಬಚ್ಚಿಡುವುದು ಬಹಳ ಕಷ್ಟ. ಅದನ್ನು ಹಲವು ದೇಶಗಳ ಕೇಂದ್ರಗಳು ಏಕಕಾಲಕ್ಕೆ ನೋಡಿರುತ್ತವೆ. ಎಲ್ಲರೂ ಸೇರಿ ಒಂದೇ ಸುಳ್ಳು ಹೇಳಬೇಕಾಗುತ್ತದೆ, ಅವರಲ್ಲಿ ಪರಸ್ಪರ ಆಗದವರೂ ಇರುತ್ತಾರೆ.

ನೆಲ ಹೇಳದ ಇನ್ನೊಂದು ಸಂಗತಿ ಎಂದರೆ ಮನುಷ್ಯನ ಉದ್ದೇಶ. 1974ರ ಸ್ಫೋಟವನ್ನು ಸರ್ಕಾರ ಶಾಂತಿಯುತ ಅಣುಸ್ಫೋಟ ಎಂದು ಕರೆಯಿತು. ಗಣಿಗಾರಿಕೆ, ಭೂಮಿ ಅಗೆತದಂಥ ಕೆಲಸಕ್ಕೆ ಎಂಬ ಅರ್ಥದಲ್ಲಿ. ಜಗತ್ತು ನಂಬಲಿಲ್ಲ. ಕೆನಡಾ ಅಣುಸಹಕಾರ ನಿಲ್ಲಿಸಿತು. 1997ರಲ್ಲಿ ರಾಮಣ್ಣನವರೇ ಅದು ಬಾಂಬ್ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಕಂಪನದ ಗೆರೆಯಲ್ಲಿ ಅದು ಸ್ಫೋಟ ಎಂದು ಮೊದಲ ದಿನವೇ ಇತ್ತು. ಯಾತಕ್ಕಾಗಿ ಎಂಬುದನ್ನು ಹೇಳಲು 23 ವರ್ಷ ಬೇಕಾಯಿತು.

ಪೋಖ್ರಾನ್‌ನಿಂದ ಭುಜ್ ಭೂಕಂಪ ಆಯಿತೇ?

ಈ ಫಾರ್ವರ್ಡ್ ಕೂಡ ಆಗಾಗ ಬರುತ್ತದೆ. 2001ರ ಜನವರಿ 26ರ ಭುಜ್ ಭೂಕಂಪಕ್ಕೆ 1998ರ ಅಣುಪರೀಕ್ಷೆ ಕಾರಣ ಎಂದು. ಲೆಕ್ಕ ನೋಡೋಣ.

ಭುಜ್ ಭೂಕಂಪದ ತೀವ್ರತೆ 7.7. ಪೋಖ್ರಾನ್ ಸ್ಫೋಟ 5ಕ್ಕಿಂತ ಸ್ವಲ್ಪ ಹೆಚ್ಚು. ತೀವ್ರತೆಯಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಭೂಕಂಪದ ಶಕ್ತಿ ಸ್ಫೋಟದ ಕಂಪನಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಎರಡರ ನಡುವೆ 400 ಕಿ.ಮೀ.ಗೂ ಹೆಚ್ಚು ದೂರ, ಎರಡೂವರೆ ವರ್ಷಕ್ಕೂ ಹೆಚ್ಚು ಅಂತರ. ಕಛ್‌ನಲ್ಲಿ 1819ರಲ್ಲೇ ಭಾರೀ ಭೂಕಂಪವಾಗಿತ್ತು. ಆಗ ಅಣುಬಾಂಬ್ ಎಂಬ ಕಲ್ಪನೆಯೂ ಇರಲಿಲ್ಲ.

ಸ್ಫೋಟಗಳು ಹತ್ತಿರದ ಬಿರುಕುಗಳಲ್ಲಿ ಸಣ್ಣಪುಟ್ಟ ಕಂಪನ ಎಬ್ಬಿಸುವುದು ನಿಜ. ಆದರೆ 1971ರ ನವೆಂಬರ್‌ನಲ್ಲಿ ಅಮೆರಿಕ ಅಲಾಸ್ಕಾದ ಆಮ್ಚಿಟ್ಕಾ ದ್ವೀಪದಲ್ಲಿ, ಅದೂ ಭೂಕಂಪ ಹೆಚ್ಚಿರುವ ಜಾಗದಲ್ಲಿ, ಸುಮಾರು 5 ಮೆಗಾಟನ್ ಬಾಂಬನ್ನು ನೆಲದಡಿ ಸಿಡಿಸಿತು. ಪೋಖ್ರಾನ್‌ಗಿಂತ ನೂರಾರು ಪಟ್ಟು ದೊಡ್ಡದು. ದೊಡ್ಡ ಭೂಕಂಪ, ಸುನಾಮಿ ಬರುತ್ತದೆ ಎಂದು ಜನ ಹೆದರಿದ್ದರು. ಎರಡೂ ಬರಲಿಲ್ಲ.

ಮನುಷ್ಯನ ಕೆಲಸದಿಂದ ಭೂಕಂಪ ಆಗುವುದೇ ಇಲ್ಲವೇ? ಆಗುತ್ತದೆ, ಬೇರೆ ದಾರಿಯಲ್ಲಿ. 1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಅಣೆಕಟ್ಟೆಯ ಬಳಿ 6ಕ್ಕೂ ಮೀರಿದ ಭೂಕಂಪವಾಯಿತು. ಜಲಾಶಯದ ನೀರಿನ ಭಾರ ಮತ್ತು ಬಿರುಕುಗಳಿಗೆ ಇಳಿದ ನೀರು ಅದನ್ನು ಪ್ರಚೋದಿಸಿತು ಎಂಬುದನ್ನು ವಿಜ್ಞಾನಿಗಳು ಒಪ್ಪುತ್ತಾರೆ. ಅಲ್ಲೂ ಜಾರಿದ್ದು ಬಂಡೆಯೇ. ಆದ್ದರಿಂದ ಅದರ ಅಲೆ ಪಿಟೀಲಿನದ್ದು, ಪಿಯಾನೊದ್ದಲ್ಲ.

ನಮ್ಮ ಸುತ್ತಲಿನ ಢಂ ಸದ್ದು

ಮೈಸೂರು–ಮಂಡ್ಯದವರಿಗೆ ಈ ವಿಜ್ಞಾನ ದೂರದ ಮಾತಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಕೆಆರ್‌ಎಸ್ ಸುತ್ತ ಕೇಳಿದ ಭಾರೀ ಸದ್ದಿನ ನಂತರ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಲ್ಲಿನ ಮಾಪಕದ ದಾಖಲೆ ನೋಡಿತು. ಅದು ಬೊಟ್ಟು ಮಾಡಿದ್ದು ಬೇಬಿಬೆಟ್ಟದ ಕಡೆಯ ಕಲ್ಲುಗಣಿ ಸ್ಫೋಟಗಳತ್ತ. ಅಣೆಕಟ್ಟೆಯ ಸುರಕ್ಷತೆಯ ಚರ್ಚೆ ಅಲ್ಲಿಂದ ಮುಂದೆ ಹೈಕೋರ್ಟ್‌ವರೆಗೂ ಹೋಯಿತು. 2020ರ ಮೇ 20ರಂದು ಬೆಂಗಳೂರಿನಲ್ಲಿ ಕಿಟಕಿ ಅದುರಿಸಿದ ಸದ್ದಿಗೆ ಮಾಪಕಗಳಲ್ಲಿ ಭೂಕಂಪದ ಗುರುತೇ ಇರಲಿಲ್ಲ. ಅದು ವಾಯುಪಡೆಯ ಪರೀಕ್ಷಾ ವಿಮಾನ ಶಬ್ದದ ವೇಗ ದಾಟಿದ್ದರಿಂದ ಆದದ್ದು. 2022ರ ಮಳೆಗಾಲದಲ್ಲಿ ಕೊಡಗು–ಸುಳ್ಯ ಗಡಿಯಲ್ಲಿ ಆದದ್ದು ನಿಜವಾದ ಸಣ್ಣ ಭೂಕಂಪಗಳು. ಮೂರರಲ್ಲೂ ಜನರಿಗೆ ಅನುಭವವಾದದ್ದು ಹೆಚ್ಚುಕಡಿಮೆ ಒಂದೇ: ಢಂ ಎಂಬ ಸದ್ದು, ಅದುರಿದ ಪಾತ್ರೆ. ಬೇರೆ ಬೇರೆ ಎಂದು ಹೇಳಿದ್ದು ಮಾಪಕ.

ಕೊನೆಯ ವರ್ಷಗಳು

1974ರ ನಂತರ ರಾಮಣ್ಣನವರಿಗೆ ಪದ್ಮವಿಭೂಷಣ ಬಂತು. ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾದರು, 1983ರಿಂದ 1987ರವರೆಗೆ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಬೆಂಗಳೂರಿನಲ್ಲಿ ಜೆ.ಆರ್.ಡಿ. ಟಾಟಾ ಅವರ ಆಸೆಯಂತೆ ಆರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರೂ ಅವರೇ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ರಕ್ಷಣಾ ಖಾತೆ ರಾಜ್ಯ ಸಚಿವರಾಗಿದ್ದರು, ಆಮೇಲೆ ರಾಜ್ಯಸಭಾ ಸದಸ್ಯರೂ ಆದರು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ತೀರಿಕೊಂಡರು. ಇಂದೋರಿನ ಉನ್ನತ ತಂತ್ರಜ್ಞಾನ ಕೇಂದ್ರಕ್ಕೆ ಈಗ ಅವರ ಹೆಸರಿದೆ.

ಬಾಂಬ್ ಮಾಡಿದ್ದು ಸರಿಯೇ ಎಂಬ ಬಗ್ಗೆ ಜನರಲ್ಲಿ ಎರಡು ಅಭಿಪ್ರಾಯ ಇದೆ, ಇರಲಿ. ಆದರೆ ಅವರ ಬದುಕಿನಿಂದ ಒಂದು ಸಂಗತಿ ಸ್ಪಷ್ಟ. ಅತಿ ಗುಟ್ಟಿನ ಕೆಲಸ ಮಾಡಿದವರಿಗೂ ನೆಲದ ಬಾಯಿ ಮುಚ್ಚಿಸಲು ಆಗಲಿಲ್ಲ.

ಫಾರ್ವರ್ಡ್ ಮಾಡುವ ಮೊದಲು

ಮುಂದಿನ ಸಲ ಭೂಕಂಪ ಅಲ್ಲ, ಬಾಂಬ್ ಎಂಬ ಮೆಸೇಜ್ ಬಂದರೆ ಇಷ್ಟು ನೋಡಿ:

• ಆಳ ಎಷ್ಟು? ಹತ್ತಾರು ಕಿಲೋಮೀಟರ್ ಎಂದಿದ್ದರೆ ಬಾಂಬ್ ಮಾತು ಅಲ್ಲಿಗೇ ಮುಗಿಯಿತು.

• ಆ ಜಾಗದಲ್ಲಿ ಮೊದಲೂ ಭೂಕಂಪ ಆಗುತ್ತಿತ್ತೇ? ಜಗತ್ತಿನಲ್ಲಿ 4ರಿಂದ 5ರ ನಡುವಿನ ಭೂಕಂಪಗಳು ವರ್ಷಕ್ಕೆ ಹತ್ತು ಸಾವಿರದ ಲೆಕ್ಕದಲ್ಲಿ ಆಗುತ್ತವೆ. ಅದರಲ್ಲೊಂದು ಯುದ್ಧದ ವಾರದಲ್ಲಿ ಬಂದರೆ ಅಚ್ಚರಿಯಿಲ್ಲ.

• ಬೇರೆ ದೇಶದ ಕೇಂದ್ರಗಳು ಏನು ಹೇಳುತ್ತಿವೆ? ಒಂದೇ ಯೂಟ್ಯೂಬ್ ಚಾನೆಲ್ ಹೇಳುವುದು ಸಾಕ್ಷಿಯಲ್ಲ.

• ಕಂಪನವಾಗಿ ಎಷ್ಟು ಹೊತ್ತಾಯಿತು? ಮೊದಲ ಗಂಟೆಯ ಅಂಕಿಗಳು ಸ್ವಲ್ಪ ಬದಲಾಗುವುದು ಸಹಜ. ಹೆಚ್ಚು ಕೇಂದ್ರಗಳ ದಾಖಲೆ ಸೇರಿದಂತೆ ಲೆಕ್ಕ ತಿದ್ದುತ್ತಾರೆ. ಅದು ಮುಚ್ಚಿಡುವುದಲ್ಲ.

• ನಮ್ಮೂರಲ್ಲೇ ಸದ್ದು ಕೇಳಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿಗೆ ಕಾಯಿರಿ.

ಇವಿಷ್ಟಕ್ಕೂ ಉತ್ತರ ಸಿಗುವ ತನಕ ಆ ಮೆಸೇಜ್ ನಿಮ್ಮ ಫೋನಿನಲ್ಲೇ ಇರಲಿ. ಈ ಲೇಖನವನ್ನು ಬೇಕಾದರೆ ಮುಂದೆ ಕಳಿಸಿ.